ಕಲಬುರಗಿ–ಬೀದರ್ ಕಡೆ ಗಾಡಿಗಳ ಕಾಟವಿಲ್ಲದೆ ಮೂರು ದಿನ ಸೈಕಲ್ ತುಳಿಯೋಕೆ ಗುಡ್ಡಗಾಡಿನ ದಾರಿ ಇದೆಯಾ? ಒಬ್ಬನೇ ಬರಬಹುದಾ?

ಇದೆ. ಬೆಂಗಳೂರಿಂದ ಸೈಕಲ್ ಸಮೇತ ಬರ್ತೀನಿ, ಏರು ಇಳಿವು ಬೇಕು, ಲಾರಿ ಹಾರ್ನ್ ಬೇಡ ಅಂದಿದ್ದೀರಿ. ಹಾಗಾದರೆ ಕಲಬುರಗಿ ಊರಲ್ಲಿ ಸೈಕಲ್ ಹತ್ತಲೇಬೇಡಿ. ಅದನ್ನ ಯಾವುದಾದರೂ ಟಂಟಂ ಮೇಲೋ, ಗೂಡ್ಸ್ ಆಟೋದಲ್ಲೋ ಹಾಕಿಕೊಂಡು ಚಿಂಚೋಳಿಗೆ ಹೋಗಿ, ಅಲ್ಲಿ ಹತ್ತಿ. ಎಂಬತ್ತು ಚಿಲ್ಲರೆ ಕಿಲೋಮೀಟರ್ ತುಳಿದೇ ಹೋಗ್ತೀನಿ ಅನ್ನೋ ಹಟ ನನಗೂ ಇತ್ತು. ಎರಡು ಸಲ ಹೋದೆ. ಎರಡು ಸಲವೂ ಗುಡ್ಡ ಕಾಣೋ ಹೊತ್ತಿಗೆ ಕಾಲಲ್ಲಿ ಏನೂ ಉಳಿದಿರಲಿಲ್ಲ.

ಕಲಬುರಗಿಯಲ್ಲಿ ಗುಡ್ಡ ಎಲ್ಲಿಂದ ಬಂತು ಅಂತ ನಮ್ಮ ಊರವರೇ ಕೇಳ್ತಾರೆ. ಚಿಂಚೋಳಿವರೆಗೂ ಎರಿ ಹೊಲ: ತೊಗರಿ, ಕಡಲೆ, ಜೋಳ. ಊರು ದಾಟಿ ಕುಂಚಾವರಂ ರಸ್ತೆ ಹಿಡಿದರೆ ಕಪ್ಪು ಮಣ್ಣು ತೆಳುವಾಗ್ತಾ ಹೋಗಿ ಕೆಂಪಗಾಗುತ್ತೆ. ಮಣ್ಣು ಕೆಂಪಾಯ್ತು ಅಂದರೆ ಗೇರ್ ಇಳಿಸೋಕೆ ತಯಾರಾಗಿ. ಬೀದರಿನ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ ಈ ಕಡೆಗೂ ಕೈ ಚಾಚಿದೆ. ಚಾರ್ಮಾಡಿಯಂಥ ಒಂದೇ ಸಮನೆ ಏರು ಇಲ್ಲಿಲ್ಲ. ಒಂದು ದಿನ್ನೆ ಏರಿಸುತ್ತೆ, ಉಸಿರು ತಗೊಳ್ಳೋ ಮೊದಲೇ ಹಳ್ಳಕ್ಕೆ ಇಳಿಸುತ್ತೆ, ಮತ್ತೆ ಏರಿಸುತ್ತೆ. ಇಂಥವು ಎಷ್ಟು ಅಂತ ಸಂಜೆ ಮೊಣಕಾಲು ಎಣಿಸಿ ಹೇಳುತ್ತೆ. ಹಿಂದಿನ ಚಕ್ರಕ್ಕೆ 32 ಇಲ್ಲವೇ 34 ಹಲ್ಲಿನ ಗೇರ್ ಇದ್ದರೆ ಕೂತೇ ಹತ್ತಬಹುದು.

ಇಲ್ಲೇ ಚಿಂಚೋಳಿ ವನ್ಯಜೀವಿ ಧಾಮ ಇರೋದು. 2011ರಲ್ಲಿ ಘೋಷಣೆಯಾಯ್ತು, 134.88 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಎಲ್ಲ ಇದೇ ಸುತ್ತಿನಲ್ಲಿವೆ. ಡಾಂಬರು ರಸ್ತೆ ಬಿಟ್ಟು ಕಾಡಿನ ಕಚ್ಚಾ ದಾರಿಗೆ ಇಳಿಯೋದಾದರೆ ಅರಣ್ಯ ಇಲಾಖೆಯವರ ಅನುಮತಿ ತಗೊಳ್ಳಿ. ಕತ್ತಲಾದ ಮೇಲೆ ಅಲ್ಲಿ ತಿರುಗಬೇಡಿ. ತೋಳ, ಕತ್ತೆಕಿರುಬ ಇರೋ ಜಾಗ. ಅವು ನಿಮ್ಮ ತಂಟೆಗೆ ಬರಲಿಕ್ಕಿಲ್ಲ, ನೀವು ಅವುಗಳ ತಂಟೆಗೆ ಹೋಗೋದು ಬೇಡ ಅಂತ ಹೇಳ್ತಿದ್ದೀನಿ.

ಇನ್ನು ಅಸಲಿ ಪ್ರಶ್ನೆಗೆ ಬರ್ತೀನಿ. ಖಾಲಿ ರಸ್ತೆ ಗುರುತಿಸೋದು ಹೇಗೆ? ಮೊಬೈಲ್ ಮ್ಯಾಪ್ ನೋಡಿದರೆ ತಿಳಿಯಲ್ಲ. ಅದರಲ್ಲಿ ಒಂದೇ ಥರದ ಗೆರೆಯಾಗಿ ಕಂಡಿದ್ದು ಇಲ್ಲಿ ಒಂದು ಕಡೆ ಡಾಂಬರು, ಇನ್ನೊಂದು ಕಡೆ ಬರೀ ಜಲ್ಲಿ. ನನ್ನ ಲೆಕ್ಕವೇ ಬೇರೆ. ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕೆಟ್ ಪುಡಕೆ ತಗೊಂಡು "ಈ ಊರಿಗಿ ವಸ್ತಿ ಬಸ್ ಅದ ಏನ್ರಿ?" ಅಂತ ಕೇಳ್ತೀನಿ. ವಸ್ತಿ ಬಸ್ ಅಂದರೆ ರಾತ್ರಿ ಬಂದು ಊರಲ್ಲೇ ನಿಂತು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಿಗ್ಗೆ ಸಾಲಿ ಹುಡುಗರನ್ನ, ದವಾಖಾನೆಗೆ ಹೋಗೋರನ್ನ ತುಂಬಿಕೊಂಡು ಹೊರಡೋ ಸರ್ಕಾರಿ ಕೆಂಪು ಬಸ್ಸು. ಅದು ಬರುತ್ತೆ ಅಂದರೆ ರಸ್ತೆ ಒಂದು ಮಟ್ಟಕ್ಕೆ ಚೆನ್ನಾಗಿದೆ. ಊರಲ್ಲೇ ವಸ್ತಿ ಮಾಡುತ್ತೆ ಅಂದರೆ ಆ ರಸ್ತೆ ಅಲ್ಲಿಂದ ಮುಂದೆ ದೊಡ್ಡ ಊರಿಗೆ ಹೋಗಲ್ಲ, ಹಾಗಾಗಿ ಲಾರಿಗಳಿಗೆ ಅಲ್ಲಿ ಕೆಲಸವಿಲ್ಲ. ತಾಂಡಾಗಳಿಗೆ, ಅಂದರೆ ಲಂಬಾಣಿಗರ ಊರುಗಳಿಗೆ, ಹೋಗೋ ಬಹಳಷ್ಟು ರಸ್ತೆಗಳು ಇಂಥವೇ. ಕೊನೆ ತಾಂಡಾದಿಂದ ಪಕ್ಕದ ಊರಿಗೆ ಒಂದೆರಡು ಕಿಲೋಮೀಟರ್ ಕಚ್ಚಾ ದಾರಿ ಸಿಕ್ಕೇ ಸಿಗುತ್ತೆ. ಬಸ್ಸು ನಿಂತಲ್ಲಿಂದ ಸೈಕಲ್ ಶುರು ಅಂತ ಇಟ್ಟುಕೊಳ್ಳಿ.

ಬಿಡಬೇಕಾದ ರಸ್ತೆಗಳನ್ನೂ ಹೇಳಿಬಿಡ್ತೀನಿ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳು. ರಾಷ್ಟ್ರಕೂಟರ ರಾಜಧಾನಿ ನೋಡಬೇಕು ಅನ್ನಿಸಿದರೆ ಬಸ್ಸಿಗೆ ಹೋಗಿ ನೋಡಿ ಬನ್ನಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಆಳಂದ, ಅಫಜಲಪುರ, ಹುಮನಾಬಾದ್ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್. ಒಂದಕ್ಕೆ ಎರಡು ಟ್ರಾಲಿ, ಹಿಂದೆ ಲೈಟ್ ಇಲ್ಲ, ಸ್ಪೀಕರಿನಲ್ಲಿ ಹಾಡು ಮಾತ್ರ ಜೋರು.

ಮೂರು ದಿನಕ್ಕೆ ನಾನಾದರೆ ಹೀಗೆ ಮಾಡ್ತೀನಿ: ಮೊದಲ ದಿನ ಚಿಂಚೋಳಿಯಿಂದ ಚಂದ್ರಂಪಳ್ಳಿ, ಕುಂಚಾವರಂ ಸುತ್ತಿ ವಾಪಸ್ ಚಿಂಚೋಳಿ. ಕುಂಚಾವರಂ ತೆಲಂಗಾಣ ಗಡಿಯ ಊರು; ಚಹಾ ಅಂಗಡಿಯಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಎರಡನೇ ದಿನ ಮನ್ನಾಎಖೇಳಿ ಹಾದು ಬೀದರ್. ಹೈದರಾಬಾದ್ ಹೆದ್ದಾರಿ ದಾಟೋ ಆ ಒಂದು ಜಾಗ ಬಿಟ್ಟರೆ ಉಳಿದಿದ್ದಕ್ಕೆಲ್ಲ ಅಡ್ಡದಾರಿಗಳಿವೆ. ಮೂರನೇ ದಿನ ಬೀದರಿನಲ್ಲಿ ಬೆಳಗಿನ ಜಾವ ಅಷ್ಟೂರಿನ ಬಹಮನಿ ಸುಲ್ತಾನರ ಗುಂಬಜ್‌ಗಳಿಗೆ ಇಳಿದು, ಮತ್ತೆ ಊರಿಗೆ ಹತ್ತಿ, ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಊಟ. ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನ ಕಲಬುರಗಿಯಿಂದ ಬೀದರಿಗೆ ಒಯ್ದಿದ್ದಕ್ಕೆ ಇತಿಹಾಸಕಾರರು ಬೇಕಾದಷ್ಟು ಕಾರಣ ಕೊಡ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಒಂದು ಮಧ್ಯಾಹ್ನ ಸೈಕಲ್ ತುಳಿದವನಿಗೆ ಅಷ್ಟೆಲ್ಲ ಬೇಕಾಗಲ್ಲ. ಕಲಬುರಗಿ–ಬೀದರ್ ರೈಲು 2017ರಿಂದ ಓಡ್ತಿದೆ, ವಾಪಸಾಗೋಕೆ ಅನುಕೂಲ. ಸೈಕಲ್ ಹತ್ತಿಸೋ ಮುಂಚೆ ಸ್ಟೇಷನ್ನಿನಲ್ಲಿ ಕೇಳಿಬಿಡಿ.

ಈಗ ಮುಳ್ಳಿನ ವಿಷಯ. ನಮ್ಮ ಕಡೆ ಸೈಕಲಿಗೆ ವೈರಿ ಅಂದರೆ ಗಾಡಿ ಅಲ್ಲ, ಮುಳ್ಳು. ಜಾಲಿ ಮುಳ್ಳು ಕಣ್ಣಿಗಾದರೂ ಕಾಣುತ್ತೆ. ನೆಗ್ಗಿಲ ಮುಳ್ಳು ಕಾಣಲ್ಲ. ರಸ್ತೆ ಪಕ್ಕ ನೆಲಕ್ಕೆ ಅಂಟಿಕೊಂಡು ಹಬ್ಬೋ, ಹಳದಿ ಹೂವಿನ ಬಡಪಾಯಿ ಬಳ್ಳಿ ಅದು. ಕಾಯಿ ಒಣಗಿದ ಮೇಲೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತೆ. ಚಂದ್ರಂಪಳ್ಳಿ ಹತ್ತಿರದ ಒಂದು ತಾಂಡಾದಲ್ಲಿ ಬೇವಿನ ಮರದ ನೆರಳಿಗೆ ಅಂತ ಹತ್ತು ಹೆಜ್ಜೆ ಸೈಕಲ್ ತಳ್ಳಿಕೊಂಡು ಹೋದೆ, ಅಷ್ಟೇ. ಎರಡೂ ಚಕ್ರ ಉಸ್ಸ್ ಅಂದವು. ಒಬ್ಬ ಅಜ್ಜಿ ಬೋಗಾಣಿಯಲ್ಲಿ ನೀರು ತಂದಿಟ್ಟಳು. ಟ್ಯೂಬ್ ಅದ್ದಿ ನೋಡಿದರೆ ಹಿಂದಿನ ಚಕ್ರದಲ್ಲೇ ಏಳು ಕಡೆ ಗುಳ್ಳೆ. ಪ್ಯಾಚ್ ಹಚ್ಚಿ, ಟೈರಿನ ಒಳಗೆ ಬೆರಳಾಡಿಸಿ, ಪಂಪ್ ಹೊಡೆದೆ. ಹತ್ತು ನಿಮಿಷದಲ್ಲಿ ಮತ್ತೆ ಚಪ್ಪಟೆ. ಅಲ್ಲೇ ಕೂತು ನೋಡ್ತಿದ್ದ ಹತ್ತು ಹನ್ನೊಂದು ವರ್ಷದ ಹುಡುಗ ಎದ್ದು ಹೋಗಿ, ಹೊಲದ ಬದುವಿನಿಂದ ಒಂದು ಹಿಡಿ ಹತ್ತಿ ಕಿತ್ತು ತಂದ. "ಬೆರಳಿಗಿ ತಿಳಿಯಾಂಗಿಲ್ಲ ಅಣ್ಣಾ, ಅರಳಿಗಿ ತಿಳಿತದ" ಅಂದು ಹತ್ತಿಯ ಅರಳೆಯನ್ನ ಟೈರಿನ ಒಳಗೆ ಸುತ್ತಲೂ ಒರೆಸಿದ. ಮುಳ್ಳಿನ ಮುರಿದ ತುದಿ ಇದ್ದ ಕಡೆಯೆಲ್ಲ ಅರಳೆಯ ಎಳೆ ಸಿಕ್ಕಿಕೊಂಡು ನಿಂತಿತು. ಚಿಮಟಾ ಹಾಕಿ ನಾಲ್ಕು ತುದಿ ತೆಗೆದೆವು. ಅವತ್ತಿಂದ ನನ್ನ ಟೂಲ್ ಚೀಲದಲ್ಲಿ ಒಂದು ಚೂರು ಹತ್ತಿ, ಒಂದು ಚಿಮಟಾ ಖಾಯಂ. ನೀವು ಎರಡು ಹೆಚ್ಚುವರಿ ಟ್ಯೂಬ್ ತನ್ನಿ. ನಿಮ್ಮದು ಪ್ರೆಸ್ಟಾ ವಾಲ್ವ್ (ಗಾಳಿ ತುಂಬೋ ಸಪೂರ ಮೂತಿ) ಆದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಮರೀಬೇಡಿ. ಅದಿಲ್ಲದೆ ಇಲ್ಲಿನ ಪಂಕ್ಚರ್ ಅಂಗಡಿಯ ಗಾಳಿ ನಿಮ್ಮ ಟ್ಯೂಬಿಗೆ ಹೋಗಲ್ಲ. ತೊಗರಿ ಕೊಯ್ದ ಹೊಲದಲ್ಲಂತೂ ಕಾಲಿಡಬೇಡಿ. ಕೂಳೆ ಈಟಿ ಇದ್ದ ಹಾಗಿರುತ್ತೆ.

ಕಾಲ: ನವೆಂಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದಕ್ಕೆ ನೆರಳು ಸೇರಿ, ಮೂರೂವರೆಗೆ ಮತ್ತೆ ಏಳಿ. ತಿಂಡಿಗೆ ಸುಸಲಾ, ಮಿರ್ಚಿ ಭಜಿ ಎಲ್ಲ ಕಡೆ ಸಿಗುತ್ತೆ, ಆದರೆ ಏರು ಹತ್ತೋ ಮುಂಚೆ ಮಿರ್ಚಿ ಬೇಡ, ಅನುಭವದ ಮಾತು. ಮಳೆಗಾಲ ನೋಡೋಕೆ ಚೆಂದ, ಆದರೆ ಮುಲ್ಲಾಮಾರಿ, ಕಾಗಿಣಾ ತುಂಬಿದರೆ ತಗ್ಗು ಸೇತುವೆಗಳು ಮುಳುಗ್ತವೆ. ಎರಿ ಮಣ್ಣು ಹಸಿಯಾದರೆ ಚಕ್ರಕ್ಕೂ ಬ್ರೇಕಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಸೈಕಲ್ಲನ್ನೇ ಹೊರಬೇಕಾಗುತ್ತೆ.

ಯಾದಗಿರಿ ಕಡೆಯೂ ಚೆನ್ನಾಗಿದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟ, ಸುರಪುರದ ಬಂಡೆಗಳು. ಆದರೆ ಅಲ್ಲಿ ಗುಡ್ಡ ನೋಡಬಹುದು, ಸೈಕಲ್ ಓಡೋದು ಕಾಲುವೆ ಪಕ್ಕದ ಸಮತಟ್ಟಿನಲ್ಲಿ. ನೀವು ಕೇಳಿದ್ದು ಏರು, ಅದಕ್ಕೇ ಬಿಟ್ಟೆ.

ಒಬ್ಬರೇ ಬರಬಹುದಾ ಅಂದ್ರಲ್ಲ, ಬನ್ನಿ. ತಾಂಡಾದ ನಾಯಿ ಬೆನ್ನು ಹತ್ತಿದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಸೈಕಲ್ಲನ್ನ ನಡುವೆ ಇಟ್ಟುಕೊಂಡು ನಡೀರಿ, ತಾನೇ ಬೇಜಾರಾಗಿ ಹೋಗುತ್ತೆ. ಆಗೋದಾದರೆ ಎಳ್ಳ ಅಮಾವಾಸ್ಯೆಯ ದಿನ ಬನ್ನಿ, ಹೊಲದಲ್ಲೇ ಪೂಜೆ ಮಾಡಿ ಉಣ್ಣೋ ಹಬ್ಬ ಅದು. ವರ್ಷದಲ್ಲೇ ರಸ್ತೆ ತೀರಾ ಖಾಲಿ ಇರೋದು ಅವತ್ತು. ಊರಿಗೆ ಊರೇ ಹೊಲದಲ್ಲಿರುತ್ತೆ, ಬೀದರಿನಲ್ಲಂತೂ ಬಂದ್ ಮಾಡಿದ ಹಾಗೆ. ಒಂದು ವರ್ಷ ಅವತ್ತೇ ಮನ್ನಾಎಖೇಳಿ ಕಡೆ ಹೊರಟಿದ್ದೆ. ಹೊಲದಿಂದ ಒಬ್ಬ ಕಾಕಾ ಕೈ ಬೀಸಿ ಕರೆದ: "ಏ ತಮ್ಮಾ, ಇವತ್ತ ಉಂಡೇ ಹೋಗಬೇಕ್, ಹಂಗೇ ಹೋಗಾಂಗಿಲ್ಲ." ಹಸಿ ತೊಗರಿ, ಕಡಲೆ, ಅವರೆ, ಸೊಪ್ಪು, ಹುಣಸೆಹುಳಿ ಹಾಕಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಮಣ್ಣಿನ ಗಡಿಗೆಯ ತಣ್ಣನೆ ಅಂಬಲಿ. ಮುಗಿಸಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಮುಂದಿನ ಹೊಲದವರು ಕರೆದರು. ಮೂರನೇ ಹೊಲದ ಊಟ ಆದ ಮೇಲೆ ಬೀದರಿನ ಆಸೆ ಬಿಟ್ಟು ಅವರ ಬಂಡಿಯ ಹಿಂದೆ ಸೈಕಲ್ ಕಟ್ಟಿ, ಅವರ ಊರಲ್ಲೇ ವಸ್ತಿ ಮಾಡಿದೆ.