ಬೆಟ್ಟದ ಕುರಿಗೆ ಯಾವ ತೋಟಾ?

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. ಕೆನಡಾದ ಈ ಫೋರ್ಟ್ ಸೇಂಟ್ ಜಾನ್‌ಗೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಚಳಿಗೆ ಯಾವ ಜಾಕೆಟ್, ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ. ನೀನು ಬಂದು ಎಂಟು ತಿಂಗಳಾಗಿದೆ, ಕೇಳುತ್ತಿರುವುದು, "ಅಣ್ಣಾ, ಕೆಲಸದ ಜಾಗದವರು ಆಗಸ್ಟ್‌ನಲ್ಲಿ ಕುರಿ ಬೇಟೆಗೆ ಕರೆದಿದ್ದಾರೆ. ಹೊಸ ರೈಫಲ್ ಕೊಳ್ಳಬೇಕು. .300 ಮ್ಯಾಗ್ನಮ್ ತೋಟಾನೇ ಬೇಕು ಅಂತಾರೆ, ಹೌದಾ?" ವಿರಾಜಪೇಟೆ ಹುಡುಗ ಇನ್ನೇನು ಕೇಳುತ್ತಾನೆ!

ಹೋಗು, ಖಂಡಿತ ಹೋಗು. ಈ ಊರಿನಲ್ಲಿ ನಿನ್ನನ್ನು ಬೇಟೆಗೆ ಕರೆದರು ಅಂದರೆ ಮನೆಯವನು ಅಂದುಕೊಂಡರು ಅಂತ ಅರ್ಥ. ನನ್ನನ್ನು ಕರೆಯುವುದಕ್ಕೆ ಆರು ವರ್ಷ ಬೇಕಾಯಿತು.

ಮೊದಲು ಪ್ರಾಣಿ ಯಾವುದು ಅಂತ ತಿಳಿದುಕೋ. ನಮ್ಮ ಸಕಲೇಶಪುರದ ಕಡೆ, ನಿಮ್ಮ ಕಡೆಯೂ ಅಷ್ಟೇ, ಕಾಡುಕುರಿ ಅಂದರೆ ಬೊಗಳುವ ಜಿಂಕೆ. ಇಲ್ಲಿಯದು ನಿಜವಾದ ಕುರಿ. ಸ್ಟೋನ್ ಶೀಪ್ ಅಂತಾರೆ. ಬೂದು ಮೈ, ಸುರುಳಿ ಕೊಂಬು. ಅಲಾಸ್ಕಾ ಹೆದ್ದಾರಿಯಲ್ಲಿ ಮಂಚೋ ಸರೋವರದ ಹತ್ತಿರ ಹೋದರೆ ರಸ್ತೆ ಬದಿಯಲ್ಲೇ ಮಣ್ಣು ನೆಕ್ಕುತ್ತಾ ನಿಂತಿರುತ್ತವೆ. ಬೆಳೆದ ಟಗರು 90 ಕೆಜಿ ಹತ್ತಿರ ತೂಗುತ್ತದೆ. ಕಾಟಿಯ ಹಾಗೆ ದಪ್ಪ ಚರ್ಮ, ದಪ್ಪ ಮೂಳೆ ಏನೂ ಇಲ್ಲ. ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಒಂದು ಈಡು ಸರಿಯಾಗಿ ಬಿದ್ದರೆ ಸಾಕು. ಅದಕ್ಕೆ ಮದ್ದು ಜಾಸ್ತಿ ತುಂಬಿದ, ಜೋರಾಗಿ ಒದೆಯುವ ಮ್ಯಾಗ್ನಮ್ ಯಾಕೆ?

.270 ವಿಂಚೆಸ್ಟರ್ ತಗೋ. 1925ರಲ್ಲಿ ಬಂದ ತೋಟಾ. ಜ್ಯಾಕ್ ಓಕಾನರ್ ಅಂತ ಅಮೆರಿಕದ ಬೇಟೆ ಬರಹಗಾರ ಇದನ್ನೇ ಹಿಡಿದು ಕುರಿ ಬೆಟ್ಟಗಳನ್ನು ಸುತ್ತಿ ಇದಕ್ಕೆ ಹೆಸರು ತಂದ. .308 ಆದರೂ ಸರಿ, 6.5 ಕ್ರೀಡ್‌ಮೋರ್ ಆದರೂ ಸರಿ, ಜಗಳ ಇಲ್ಲ. .270ರಲ್ಲಿ ಗುಂಡಿನ ತೂಕ 130 ಗ್ರೇನ್ ಇರಲಿ, ಅಂದರೆ ಸುಮಾರು ಎಂಟೂವರೆ ಗ್ರಾಂ. 200 ಗಜಕ್ಕೆ ಗುರಿ ಕೂರಿಸಿದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಇಟ್ಟ ಗುರಿಗೇ ಬೀಳುವ ಹಾಗೆ ಹೊಂದಿಸಿದರೆ, 300 ಗಜದಲ್ಲಿ ಮುಕ್ಕಾಲು ಗೇಣು ಕೆಳಗೆ ಬೀಳುತ್ತದೆ, 400ರಲ್ಲಿ ಒಂದು ಮೊಳ. 400 ಗಜದ ಆಸೆ ಈ ವರ್ಷ ಬೇಡ. ಬೆಟ್ಟದ ಮೇಲೆ ಅಡ್ಡಗಾಳಿ ಬೇರೆ ಇರುತ್ತದೆ. ಗಂಟೆಗೆ 16 ಕಿ.ಮೀ. ಗಾಳಿ ಅಂದರೆ ಮರದ ಎಲೆ, ಸಣ್ಣ ರೆಂಬೆ ಅಲ್ಲಾಡುವಷ್ಟೇ. ಅಷ್ಟಕ್ಕೇ 300 ಗಜದಲ್ಲಿ ಗುಂಡು ಸುಮಾರು 15 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ.

ಇನ್ನು ಗುಂಡಿನ ಜಾತಿ. ಪೂರ್ತಿ ತಾಮ್ರದ ಹೊದಿಕೆಯ, ಅರಳದ ಗುಂಡು ಅಗ್ಗವಾಗಿ ಸಿಗುತ್ತದೆ, ಅದನ್ನು ಮುಟ್ಟಬೇಡ. ನಮ್ಮ ಈ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಅದರಿಂದ ಬೇಟೆ ಆಡುವುದು ಕಾನೂನಿಗೆ ವಿರುದ್ಧ. ಪ್ರಾಣಿಯ ಮೇಲೂ ಅನ್ಯಾಯ, ತೂತು ಮಾಡಿ ಆಚೆ ಹೋಗಿಬಿಡುತ್ತದೆ. ಒಳಗೆ ಹೋಗಿ ಅರಳುವ ಗುಂಡು ಬೇಕು. ಅರಳಬೇಕು, ಆದರೆ ಪುಡಿಯಾಗಬಾರದು. ಹಳೇ ಗುಂಡುಗಳ ಗೋಳು ಅದೇ ಆಗಿತ್ತು. 1946ರಲ್ಲಿ ಜಾನ್ ನಾಸ್ಲರ್ ಅನ್ನುವವನು ಇದೇ ಪ್ರಾಂತ್ಯದಲ್ಲಿ ಒಂದು ಮೂಸ್‌ಗೆ, ಅಂದರೆ ಇಲ್ಲಿಯ ಭಾರೀ ಜಿಂಕೆಗೆ, ಹೊಡೆದ. ಮೈಗೆಲ್ಲ ಕೆಸರು ಮೆತ್ತಿದ್ದ ಮೂಸ್. ಗುಂಡು ಮೇಲೇ ಒಡೆದುಹೋಯಿತು, ಒಳಗೆ ಇಳಿಯಲಿಲ್ಲ. ಆ ಸಿಟ್ಟಿನಲ್ಲಿ ಗುಂಡಿನ ನಡುವೆ ಒಂದು ಗೋಡೆ ಇಟ್ಟು ಪಾರ್ಟಿಷನ್ ಗುಂಡು ಮಾಡಿದ. ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಇಳಿಯುತ್ತದೆ. ಇವತ್ತಿಗೂ ಸಿಗುತ್ತದೆ.

ನಾನು ಈಗ ಬಳಸುವುದು ಪೂರ್ತಿ ತಾಮ್ರದಲ್ಲೇ ಮಾಡಿದ, ಮೂತಿ ಅರಳುವ ಬಾರ್ನ್ಸ್ ಗುಂಡು. ಹೊದಿಕೆಯ ಗುಂಡಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡ. ಇದರಲ್ಲಿ ಸೀಸ ಇಲ್ಲ. ಆ ಮಾಂಸ ನನ್ನ ಮಕ್ಕಳು ತಿನ್ನುವುದಲ್ವಾ? ದುಬಾರಿ ಹೌದು.

ಈಗ ನನ್ನ ಕಥೆ ಕೇಳು, ಯಾಕಂದರೆ ನೀನೂ ಇದೇ ತಪ್ಪು ಮಾಡುತ್ತೀಯ. ಮೊದಲ ಸಲ ಹೊರಟಾಗ ನನ್ನ .270ಗೆ 150 ಗ್ರೇನ್ ಗುಂಡಿನಲ್ಲಿ ಗುರಿ ಕೂರಿಸಿದ್ದೆ. ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಆ ಡಬ್ಬ ಖಾಲಿ. ಬೇರೆ ಕಂಪನಿಯ 130 ಇತ್ತು. ಡಬ್ಬದ ಮೇಲೆ .270 ಅಂತ ಇದೆಯಲ್ಲ, ಎಲ್ಲ ಒಂದೇ ಅಂದುಕೊಂಡು ತಂದೆ. ಮೂರು ದಿನ ಹತ್ತಿದೆವು. ನಾಲ್ಕನೇ ದಿನ ಬೆಳಿಗ್ಗೆ ಕೆಳಗಿನ ಇಳಿಜಾರಿನಲ್ಲಿ ಟಗರು. ಜೊತೆಗಿದ್ದವನು ಅರ್ಧ ಗಂಟೆ ದೂರದರ್ಶಕದಲ್ಲಿ ಕೊಂಬು ನೋಡಿದ. ಇಲ್ಲಿಯ ಕಾನೂನಿನಂತೆ ಟಗರಿಗೆ ಎಂಟು ವರ್ಷ ತುಂಬಿರಬೇಕು, ಇಲ್ಲವೇ ಕೊಂಬಿನ ತುದಿ ಹಣೆ-ಮೂಗಿನ ಗೆರೆಗಿಂತ ಮೇಲೆ ಬಂದಿರಬೇಕು. ಇಲ್ಲದಿದ್ದರೆ ಹೊಡೆಯುವಂತಿಲ್ಲ. ಕೊನೆಗೆ "ಹೊಡಿ" ಅಂದ. ಹೊಡೆದೆ. ಟಗರಿನ ಬೆನ್ನಿನ ಮೇಲೆ, ಹಿಂದಿನ ಕಲ್ಲಿನಲ್ಲಿ ಧೂಳು ಎದ್ದಿತು. ಟಗರು ನನ್ನನ್ನು ಒಂದು ಸಲ ನೋಡಿ ಹೊರಟುಹೋಯಿತು.

ವಾಪಸ್ ಬಂದು ಕಾಗದದ ಗುರಿಗೆ ಹೊಡೆದು ನೋಡಿದೆ. ಹೊಸ ಗುಂಡು ಹಳೆಯದಕ್ಕಿಂತ ನಾಲ್ಕು ಬೆರಳು ಮೇಲೆ ಬೀಳುತ್ತಿತ್ತು. ಇನ್ನೊಂದು ತಪ್ಪು ಇಳಿಜಾರಿನದು. 300 ಗಜ ದೂರ ಇದ್ದು, 30 ಡಿಗ್ರಿ ಕೆಳಕ್ಕೆ ಹೊಡೆದರೆ ಗುಂಡು ಬೀಳುವ ಲೆಕ್ಕಕ್ಕೆ ಸಮತಲದ ದೂರವಷ್ಟೇ ಮುಖ್ಯ, ಅದು 260 ಗಜವೇ. ಮೇಲಕ್ಕೆ ಹೊಡೆದರೂ ಅದೇ ಲೆಕ್ಕ. ನಾನು 300 ಅಂತಲೇ ಎತ್ತಿ ಹಿಡಿದಿದ್ದೆ. ಎರಡು ತಪ್ಪು ಸೇರಿ ಟಗರು ಬದುಕಿತು.

ಅದಕ್ಕೇ ಹೇಳುವುದು, ರೈಫಲ್ ಬಂದ ಮೇಲೆ ಎರಡು ಮೂರು ಬಗೆಯ ತೋಟಾ ಒಂದೊಂದು ಡಬ್ಬ ತಂದು ಹೊಡೆದು ನೋಡು. ಯಾವುದು ನಿನ್ನ ನಳಿಗೆಗೆ ಒಗ್ಗುತ್ತದೋ ಅದು ಒಳ್ಳೆಯ ತೋಟಾ. ಅದನ್ನೇ ಒಂದೇ ಲಾಟ್ ನಂಬರಿನಲ್ಲಿ, ಅಂದರೆ ಒಂದೇ ಸಲ ತಯಾರಾದದ್ದು, ಐದಾರು ಡಬ್ಬ ತೆಗೆದಿಡು. ಮಲಗಿ, ಕೂತು, ಚೀಲದ ಮೇಲೆ ಒರಗಿ, ಏದುಸಿರಿನಲ್ಲಿ ಹೊಡೆದು ರೂಢಿ ಮಾಡಿಕೋ. ಮೂರು ಕೆಜಿಯ ಬೆಟ್ಟದ ರೈಫಲ್‌ನಲ್ಲಿ ಮ್ಯಾಗ್ನಮ್ ಹೊಡೆದರೆ ಹೆಗಲು ನೋಯುತ್ತದೆ, ಹತ್ತನೇ ಈಡಿಗೆ ಕಣ್ಣು ಮುಚ್ಚುತ್ತೀಯ. ಮ್ಯಾಗ್ನಮ್‌ಗೆ ನಾನು ಬೇಡ ಅನ್ನುವುದು ಇದಕ್ಕೇ. ನೀನು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯಿಂದ ತೆಂಗಿನಕಾಯಿ ಹೊಡೆದವನು ಅಂತ ಗೊತ್ತು. ತೆಂಗಿನಕಾಯಿ ಓಡುವುದಿಲ್ಲ ಮಾರಾಯ.

ಕರಡಿ ಬಗ್ಗೆಯೂ ಕೇಳಿದ್ದೆ. ಗ್ರಿಜ್ಲಿ ಇದೆ. 2017ರ ಕೊನೆಯಿಂದ ಅದರ ಬೇಟೆ ಇಲ್ಲಿ ನಿಷೇಧ. ಅದಕ್ಕೆ ಅಂತ ದೊಡ್ಡ ತೋಟಾ ಹೊರಬೇಡ, ಕರಡಿಗೆ ಎರಚುವ ಖಾರದ ಸ್ಪ್ರೇ ಸೊಂಟದಲ್ಲಿರಲಿ. ಬೆಟ್ಟಕ್ಕೆ ಒಂದು ಡಬ್ಬ, 20 ತೋಟಾ ಸಾಕು. ಅದೇ ಅರ್ಧ ಕೆಜಿ ಆಗುತ್ತದೆ.

ಕಾಗದಪತ್ರ ಈಗಲೇ ಶುರು ಮಾಡು. ನೀವು ಕೊಡವರು, ನಿಮ್ಮ ಮನೆಯಲ್ಲಿ ಅಜ್ಜನ ಕೋವಿಗೆ ಲೈಸೆನ್ಸ್ ಬೇಡ, ಇಲ್ಲಿ ಒಂದು ಡಬ್ಬ ತೋಟಾಕ್ಕೂ ಪಿಎಎಲ್ ಕಾರ್ಡ್, ಅಂದರೆ ಬಂದೂಕಿನ ಲೈಸೆನ್ಸ್, ತೋರಿಸಬೇಕು. ಅದಕ್ಕೆ ಸುರಕ್ಷತಾ ಕೋರ್ಸ್ ಮುಗಿಸಬೇಕು, ಮೊದಲ ಸಲದವರಿಗೆ ಕಡ್ಡಾಯವಾಗಿ 28 ದಿನ ಕಾಯಿಸುತ್ತಾರೆ, ನಿಜದಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಬೇಟೆಗೆ ಕೋರ್ ಅನ್ನುವ ಬೇಟೆಗಾರರ ಪರೀಕ್ಷೆ ಬೇರೆ. ನಿನಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇದೆ, ಇಲ್ಲಿ ಆರು ತಿಂಗಳು ದಾಟಿದೆ, ಹಾಗಾಗಿ ಸ್ಥಳೀಯನ ಲೆಕ್ಕದಲ್ಲಿ ಬರುತ್ತೀಯ.

ಮ್ಯಾಗ್ನಮ್‌ಗೆ ಇಟ್ಟ ದುಡ್ಡಿನಲ್ಲಿ ಒಳ್ಳೆಯ ಬೂಟು ತಗೋ. ಊರಿಂದ ಯಾರಾದರೂ ಬರುವುದಿದ್ದರೆ ಹಂದಿ ಸಾರಿಗೆ ಹಾಕುವ ಕಾಚಂಪುಳಿ ಹುಳಿ ಒಂದು ಬಾಟಲಿ ತರಿಸು. ಕುರಿ ಬೀಳದಿದ್ದರೆ ಹಂದಿ ಮಾಂಸ ಅಂಗಡಿಯಲ್ಲಿ ಸಿಗುತ್ತದೆ, ಮಾಡಿ ನಮ್ಮನ್ನೂ ಕರಿ.