ಗೇಟು ಮುಚ್ಚೋದರೊಳಗೆ

"ಕಾಡಂಚಲ್ಲಿ ಇದ್ಕೊಂಡು ನಿಮಗ್ಯಾಕೇ ಫೈಬರ್ ಇಂಟರ್ನೆಟ್ಟು? ಮೊಬೈಲಲ್ಲಿ ಡೇಟಾ ಬರಲ್ವಾ? ಅಷ್ಟು ಬೇಕಿದ್ರೆ ಪಕ್ಕದಲ್ಲೇ ಕೇರಳ ಇದೆ, ಅವರ ಕಡೆಯಿಂದ ಒಂದು ಲೈನ್ ಎಳ್ಕೊಳ್ಳಿ" ಅಂದೆಯಲ್ಲ ಹೋದ ವಾರ. ನಾನು ಮಾತಾಡಲಿಲ್ಲ. ಫೋನ್ ಕಟ್ಟಾಯ್ತು ಅಂತ ಅಂದ್ಕೊಂಡಿರ್ತೀಯ. ಕಟ್ಟಾಗಿರಲಿಲ್ಲ ಕಣೇ, ನನಗೆ ಕೋಪ ಬಂದಿತ್ತು. ಮೈಸೂರಿನ ಹಾಸ್ಟೆಲಲ್ಲಿ ಮೂರು ವರ್ಷ ನನ್ನ ಮಂಚದ ಪಕ್ಕ ಮಲಗಿದವಳಿಗೇ ನಮ್ಮೂರು ಗೊತ್ತಿಲ್ಲ ಅಂದ್ರೆ ತಪ್ಪು ಹೇಳದೇ ಇದ್ದ ನನ್ನದೇ ಇರಬೇಕು. ಅದಕ್ಕೇ ಈಗ ಬರೀತಿದ್ದೀನಿ.

ದಾರಿ ನಿನಗೆ ಅರ್ಧ ಗೊತ್ತು. ಮೈಸೂರಿಂದ ಹೆಗ್ಗಡದೇವನಕೋಟೆ, ಅಲ್ಲಿಂದ ಅಂತರಸಂತೆ. ಹಿನ್ನೀರಿನ ದಡದಲ್ಲಿ ರೆಸಾರ್ಟಿಗೆ ಬಂದು ಎರಡು ದಿನ ಇದ್ದು ಹೋದೆಯಲ್ಲ, ಕಬಿನಿ ಅಂದ್ರೆ ನಿನಗೆ ಅಷ್ಟೇ. ನಮ್ಮೂರು ಅದಕ್ಕೂ ಆಚೆ. ಅರಣ್ಯದ ಗೇಟು ದಾಟಿ, ನಾಗರಹೊಳೆ ಕಾಡೊಳಗೆ ಬಳ್ಳೆ ಆನೆ ಶಿಬಿರ ದಾಟಿ, ಬಾವಲಿ ಕಡೆಗೆ ಬರಬೇಕು. ದಸರಾದಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಈ ಬಳ್ಳೆಯವನೇ. ಬಸ್ಸಿನ ಕಿಟಕಿಯಿಂದ ಅವನನ್ನ ನೋಡಿಕೊಂಡೇ ನಾವು ಕಾಲೇಜಿಗೆ ಹೋಗಿ ಬರ್ತಿದ್ದದ್ದು. 2023ರ ಡಿಸೆಂಬರಲ್ಲಿ ಅವನು ಹೋದಾಗ ನಮ್ಮ ಬೀದೀಲಿ ಒಲೆ ಹಚ್ಚೋಕೆ ಯಾರಿಗೂ ಮನಸ್ಸಿರಲಿಲ್ಲ.

ಕಾಡು ಮುಗಿದರೆ ಹೊಳೆ, ಹೊಳೆಯಾಚೆ ವಯನಾಡು. ನಮಗೆ ಹೆಗ್ಗಡದೇವನಕೋಟೆಗಿಂತ ವಯನಾಡಿನ ಮಾನಂದವಾಡಿಯೇ ಹತ್ತಿರ. ಜ್ವರ ಬಂದರೂ ಬಟ್ಟೆ ತರೋದಿದ್ದರೂ ಅಲ್ಲಿಗೇ ಹೋಗ್ತೀವಿ. ಅಪ್ಪ ಶುಂಠಿಯವರ ಜೊತೆ ಮಲಯಾಳದಲ್ಲಿ ವ್ಯಾಪಾರ ಮಾಡ್ತಾರೆ, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಬರೀತಾರೆ. ಇದರಲ್ಲಿ ನಮಗೆ ಯಾವ ಗೊಂದಲವೂ ಇಲ್ಲ. ಗೊಂದಲ ಇರೋದು ಫೋನಿಗೆ. ಅದಕ್ಕೆ ಸಿಗೋದು ಹೊಳೆಯಾಚೆಯ ಟವರ್ರು. ಅಂಗಳದಲ್ಲಿ ನಿಂತು 108 ಒತ್ತಿದರೆ ಆ ಕಡೆಯವರು ಮಲಯಾಳದಲ್ಲಿ ಎತ್ತುತ್ತಾರೆ. ಅವರು ಒಳ್ಳೆಯವರೇ, ಕಾಳಜಿಯಿಂದಲೇ ಕೇಳ್ತಾರೆ. ಆದರೆ ಅತ್ತಿಗೆಗೆ ಹೆರಿಗೆ ನೋವು ಶುರುವಾದ ರಾತ್ರಿ, ನಮ್ಮದು ಯಾವ ರಾಜ್ಯ ಯಾವ ಜಿಲ್ಲೆ ಅಂತ ಬಿಡಿಸಿ ಹೇಳೋದರಲ್ಲೇ ಹತ್ತು ನಿಮಿಷ ಹೋಯ್ತು. ಹುಷಾರಾಗಿ ಹೆರಿಗೆ ಆಯ್ತು, ಮಾನಂದವಾಡೀಲೇ. ಆ ಹತ್ತು ನಿಮಿಷ ಮಾತ್ರ ನನಗೆ ಇನ್ನೂ ಮರೆತಿಲ್ಲ.

ಈಗ ನೀನು ಕೇಳಿದ ಫೈಬರ್ ವಿಷಯ. ನಮ್ಮಲ್ಲಿ ಫೈಬರ್ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಕೇಬಲ್ ಬಂದು ವರ್ಷಗಳೇ ಆದವು. ಪಂಚಾಯ್ತಿ ಕಟ್ಟಡದಲ್ಲಿ ಪೆಟ್ಟಿಗೆ ಇದೆ, ಅದರಲ್ಲಿ ದೀಪ ಇದೆ. ದೇಶದ ಎಲ್ಲ ಗ್ರಾಮ ಪಂಚಾಯ್ತಿಗೂ, ಅಂದ್ರೆ ಹತ್ತಿರ ಹತ್ತಿರ 2.5 ಲಕ್ಷ ಪಂಚಾಯ್ತಿಗೆ, ಫೈಬರ್ ಮುಟ್ಟಿಸಬೇಕು ಅಂತ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆ ಅದು. 2015ರಲ್ಲಿ ಭಾರತ್‌ನೆಟ್ ಅಂತ ಹೆಸರು ಬದಲಾಯ್ತು. ಪಟ್ಟಿ ತೆಗೆದು ನೋಡಿದರೆ ನಮ್ಮದು ಸಂಪರ್ಕ ಆಗಿರೋ ಊರು. ಆದರೆ ಆ ಪೆಟ್ಟಿಗೆಯ ದೀಪ ತಿಂಗಳಲ್ಲಿ ಎಷ್ಟು ದಿನ ಹಸಿರಾಗಿರುತ್ತೆ, ಎಷ್ಟು ದಿನ ಕೆಂಪಾಗಿರುತ್ತೆ ಅಂತ ಯಾವ ಪಟ್ಟಿಯೂ ಹೇಳಲ್ಲ. ನಾನು ಹೇಳಬಲ್ಲೆ, ಯಾಕೆಂದ್ರೆ ನನ್ನ ಸೇವಾ ಕೇಂದ್ರ ಇರೋದು ಅದರ ಪಕ್ಕದ ಕೋಣೇಲಿ, ನನ್ನ ಹೊಟ್ಟೆಪಾಡು ಇರೋದು ಆ ದೀಪದ ಮೇಲೆ. ಪಹಣಿ, ಜಾತಿ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಅಂತ ನೋಡೋದು, ಎಲ್ಲಾನೂ ಆ ಒಂದು ಎಳೆ ಮೇಲೇ ನಿಂತಿದೆ.

ಸಿಕ್ಕು ಇರೋದು ಕೇಬಲ್ ಕಡಿಯೋದರಲ್ಲಿ. ಕಡಿಯುತ್ತೆ, ಜೋಡಿಸ್ತಾರೆ, ಮತ್ತೆ ಕಡಿಯುತ್ತೆ.

ನೀನು ಇದನ್ನ ಕರೆಂಟ್ ವೈರ್ ಥರ ಅಂದ್ಕೊಂಡಿದ್ದೀಯ. ಕರೆಂಟ್ ವೈರಾದರೆ ತುದಿ ಸುಲಿದು, ತಿರುಚಿ, ಟೇಪ್ ಸುತ್ತಿದರೆ ಆಯ್ತು, ಅದನ್ನ ನಮ್ಮ ಅಣ್ಣನೇ ಮಾಡ್ತಾನೆ. ಇದು ಗಾಜಿನ ಎಳೆ ಕಣೇ. ಒಂದೊಂದು ಎಳೆ 125 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ಬೆಳಕು ಹರಿಯೋ ತಿರುಳು ಅದರೊಳಗೆ ಬರೀ 9 ಮೈಕ್ರಾನ್ ಆಸುಪಾಸು. ನಮ್ಮ ಕೇಬಲಲ್ಲಿ ಅಂಥ 24 ಎಳೆ. ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಬಣ್ಣದ ಕ್ರಮ ಇದೆ, ಬಣ್ಣಕ್ಕೆ ಬಣ್ಣವೇ ಸೇರಬೇಕು. ತುದಿಯನ್ನ ಸ್ಪಿರಿಟಲ್ಲಿ ಒರೆಸಿ, ನೆಟ್ಟಗೆ ಕತ್ತರಿಸಿ, ಸ್ಪ್ಲೈಸಿಂಗ್ ಮೆಷೀನಲ್ಲಿ ಎದುರುಬದುರು ಇಟ್ಟರೆ ಅದು ಕಿಡಿ ಹಾಯಿಸಿ ಎರಡನ್ನೂ ಕರಗಿಸಿ ಬೆಸೆಯುತ್ತೆ. ಧೂಳು ಕೂತರೆ ಜಾಯಿಂಟ್ ಕೆಡುತ್ತೆ. ಮಳೇಲಿ ಟಾರ್ಪಾಲು ಹಿಡಿದು ನಿಂತು ನಾನೇ ಎಷ್ಟೋ ಸಲ ನೋಡಿದ್ದೀನಿ. ಆ ಹುಡುಗರು ಉಸಿರು ಬಿಗಿಹಿಡಿದು ಕೆಲಸ ಮಾಡ್ತಾರೆ, ನಮ್ಮಜ್ಜಿ ಸೂಜಿಗೆ ದಾರ ಪೋಣಿಸುವಾಗ ಹಿಡೀತಿದ್ದ ಹಾಗೆ.

ಮೊದಲು ಕಡಿದಿರೋದು ಎಲ್ಲಿ ಅಂತ ಸಿಗಬೇಕು. ಅದಕ್ಕೆ ಒಟಿಡಿಆರ್ ಅಂತ ಒಂದು ಮೆಷೀನು. ಎಳೆಯೊಳಗೆ ಬೆಳಕಿನ ತುಣುಕು ಬಿಟ್ಟು, ಅದು ತಿರುಗಿ ಬರೋಕೆ ಹಿಡಿದ ಹೊತ್ತು ಅಳೆದು, ಇಷ್ಟು ದೂರದಲ್ಲಿ ಕಡಿದಿದೆ ಅನ್ನುತ್ತೆ. ಆದರೆ ಅದು ಹೇಳೋದು ಕೇಬಲಿನ ಉದ್ದ. ಅಲ್ಲಲ್ಲಿ ಸುರುಳಿ ಸುತ್ತಿ ಹೂತಿರ್ತಾರೆ, ಹಾಗಾಗಿ ರಸ್ತೆಯ ಕಿಲೋಮೀಟರಿಗೂ ಅದಕ್ಕೂ ತಾಳೆ ಆಗಲ್ಲ. ಎಲ್ಲೆಲ್ಲಿ ಸುರುಳಿ ಇದೆ ಅನ್ನೋ ನಕ್ಷೆ ಕೇಬಲ್ ಹಾಕಿದವರ ಹತ್ರ ಇರಬೇಕು, ಅವರು ಕೆಲಸ ಮುಗಿಸಿ ಹೋಗಿ ಎಷ್ಟೋ ಕಾಲ ಆಯ್ತು. ಆಗ ಹುಡುಗರು ರಸ್ತೆ ಬದಿ ಹೊಸ ಮಣ್ಣು ಎಲ್ಲಿ ಬಿದ್ದಿದೆ ಅಂತ ನೋಡ್ಕೊಂಡು ನಡೀತಾರೆ.

ಆ ಹೊತ್ತಿಗೆ ಗಡಿಯಾರ ನೋಡು. ಮೆಷೀನು, ಹುಡುಗರು, ಗಾಡಿ ಎಲ್ಲಾ ಮೈಸೂರಿಂದ ಬರಬೇಕು. ಬೆಳಿಗ್ಗೆ ಬೇರೆ ಕಡೆ ಕೆಲಸ ಮುಗಿಸಿ ಹೊರಟರೆ ಇಲ್ಲಿಗೆ ಮಧ್ಯಾಹ್ನ ಎರಡು. ನಮ್ಮ ದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಅವರು ಐದಕ್ಕೆ ಇಲ್ಲಿಂದ ಹೊರಡಲೇಬೇಕು. ಹುಡುಕೋಕೆ ಒಂದೂವರೆ ಗಂಟೆ, ಅಗೆಯೋಕೆ ಅರ್ಧ ಗಂಟೆ, ಉಳಿದ ಒಂದು ಗಂಟೇಲಿ 24 ಎಳೆ. ಎಷ್ಟೋ ಸಲ ಆರೋ ಎಂಟೋ ಎಳೆ ಬೆಸೆದು, ಉಳಿದದ್ದಕ್ಕೆ ಪ್ಲಾಸ್ಟಿಕ್ ಸುತ್ತಿ, "ಅಕ್ಕಾ, ನಾಳೆ ಬರ್ತೀವಿ" ಅಂತ ಹೊರಡ್ತಾರೆ. ಆ ನಾಳೆ ಇನ್ನೊಂದು ತಾಲ್ಲೂಕಲ್ಲಿ ಇನ್ನೊಂದು ಕಡೆ ಕಡಿದಿರುತ್ತೆ.

ಗೇಟು ತೆಗೀರಿ ಅಂತ ನಾನು ಕೇಳ್ತಿಲ್ಲ, ಇದನ್ನ ಸರಿಯಾಗಿ ಓದ್ಕೋ. ರಾತ್ರಿ ಆ ದಾರಿ ಆನೆಯದು, ಕಾಟಿಯದು, ಹುಲಿಯದು. ಅದನ್ನ ಮುಚ್ಚಿದ್ದು ಸರಿ ಅಂತ ನಮ್ಮೂರಲ್ಲಿ ಬಹಳ ಜನ ಒಪ್ತಾರೆ. ನಾವು ಅದಕ್ಕೆ ತಕ್ಕ ಹಾಗೆ ಮದುವೆ ಮುಹೂರ್ತ ಇಟ್ಕೋತೀವಿ, ಹೆಣ ಎತ್ತೋ ಹೊತ್ತೂ ಇಟ್ಕೋತೀವಿ. ನಾನು ಕೇಳೋದು ಇಷ್ಟೇ: ಗೇಟಿನ ಈಚೆ ಒಂದು ಮೆಷೀನ್ ಇಡಿ. ನಮ್ಮ ಹಾಡಿಯ, ಅಂದ್ರೆ ಆದಿವಾಸಿ ಕೇರಿಯ, ಹುಡುಗರಲ್ಲಿ ಐಟಿಐ ಓದಿದವರಿದ್ದಾರೆ, ಕಣ್ಣು ಚುರುಕು, ಕೈ ನಡುಗಲ್ಲ. ಕೆಲವೇ ವಾರದಲ್ಲಿ ಕಲೀತಾರೆ.

ಕಡಿಯೋರು ಯಾರು ಅಂತೀಯಾ? ಒಮ್ಮೆ ರಸ್ತೆ ಅಗಲ ಮಾಡುವ ಜೆಸಿಬಿ, ಒಮ್ಮೆ ನೀರಿನ ಪೈಪಿನ ಜೆಸಿಬಿ, ಒಮ್ಮೆ ಮರ ಬಿದ್ದು, ಒಮ್ಮೆ ಆನೆ ಕಂಬ ದೂಡಿ. ಹೋದ ಮಳೆಗಾಲದಲ್ಲಿ ಪೈಪಿನವರು ಕಡಿದಾಗ 17 ದಿನ ದೀಪ ಕೆಂಪಾಗೇ ಇತ್ತು. ಪೈಪಿನ ಗುತ್ತಿಗೆದಾರ, ಕೇಬಲ್ ಆಳಕ್ಕೇ ಹಾಕಿಲ್ಲ ಅಂದ. ಅವನ ಮಾತಲ್ಲಿ ಸುಳ್ಳಿರಲಿಲ್ಲ, 1.65 ಮೀಟರ್ ಆಳ ಇರಬೇಕಾದದ್ದು ಅಲ್ಲಿ ಮೊಣಕಾಲುದ್ದಕ್ಕೇ ಸಿಕ್ತು. ಕೇಬಲಿನ ಗುತ್ತಿಗೆದಾರ, ಕೆಳಗೆ ಬಂಡೆ ಇತ್ತು ಅಂದ. ಅದೂ ನಿಜ ಇದ್ದೀತು. ದೂರು ಕೊಟ್ಟ ಕಡೆ ಕೇಳಿದರೆ, ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜು. ಮತ್ತೆ ದೂರು ಕೊಟ್ಟೆ, ಮತ್ತೆ ಅದೇ ಮೆಸೇಜು. ಆ 17 ದಿನದಲ್ಲಿ ಹಾಡಿಯಿಂದ ಒಬ್ಬ ಅಜ್ಜಿ ರೇಷನ್ನಿಗೆ ಅಂತ ನಾಲ್ಕು ಸಲ ನಡೆದು ಬಂದರು. ಹೆಬ್ಬೆಟ್ಟು ಒತ್ತಿದರೆ ಸರ್ವರ್ ತಗೋಬೇಕು, ಇಲ್ಲಾಂದ್ರೆ ಅಕ್ಕಿ ಇಲ್ಲ. ನಾಲ್ಕನೇ ಸಲ ಚೀಲ ಮಡಿಚಿ ಕಂಕುಳಲ್ಲಿ ಇಟ್ಕೊಂಡು, "ನನ್ ಬೆಟ್ಟು ಸವ್ದೋಗದೆ ಕಣವ್ವ" ಅಂದರು. ತಪ್ಪು ತಮ್ಮ ಬೆರಳಿನದು ಅಂತ ಅವರು ನಂಬಿದ್ದರು. ಬೆರಳಿನದಲ್ಲ ಅಜ್ಜಿ, ಲೈನ್ ಕಡಿದಿದೆ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಆಗಲಿಲ್ಲ. ನಿಮಗ್ಯಾಕೆ ಫೈಬರ್ ಅಂತ ನೀನು ಕೇಳಿದಾಗ ನನ್ನ ಕಣ್ಮುಂದೆ ಬಂದದ್ದು ಆ ಚೀಲ.

ನಮ್ಮೂರಿಗೇ ಯಾಕೆ ಇಷ್ಟು ಪೆಟ್ಟು ಅನ್ನೋದಕ್ಕೂ ಕಾರಣ ಇದೆ. ಮೊದಲ ಹಂತದಲ್ಲಿ ಕೇಬಲ್ ಹಾಕಿದ್ದು ತಾಲ್ಲೂಕು ಕೇಂದ್ರದಿಂದ ಪಂಚಾಯ್ತಿಗಳಿಗೆ, ಬಹಳ ಕಡೆ ಸಾಲಾಗಿ. ಗದ್ದೆಗೆ ನೀರು ಬಿಟ್ಟ ಹಾಗೆ. ಮೇಲೆ ಎಲ್ಲಿ ಒಡೆದರೂ ಕೊನೇ ಗದ್ದೆ ಒಣಗುತ್ತೆ. ಗಡಿ ಊರು ಯಾವತ್ತೂ ಕೊನೇ ಗದ್ದೆ. ಇದನ್ನ ಸರ್ಕಾರವೂ ಕಂಡುಕೊಂಡಿದೆ. 2023ರ ಆಗಸ್ಟಲ್ಲಿ ಒಪ್ಪಿದ ತಿದ್ದುಪಡಿ ಯೋಜನೇಲಿ, ಒಟ್ಟು 1,39,579 ಕೋಟಿ ರೂಪಾಯಿಯದು, ಕೇಬಲನ್ನ ಬಳೆ ಥರ ಸುತ್ತು ಹಾಕಬೇಕು ಅಂತ ಇದೆ. ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತೆ. ಹಾಕಿದವರೇ 10 ವರ್ಷ ನೋಡಿಕೊಳ್ಳಬೇಕು ಅಂತಲೂ ಇದೆ. ನನಗೆ ಆ ಎರಡನೇ ಮಾತೇ ಹೆಚ್ಚು. ಹಾಕೋಕೆ ದುಡ್ಡು ಯಾವತ್ತೂ ಸಿಗುತ್ತೆ, ಜೋಡಿಸೋಕೆ ಸಿಗಲ್ಲ.

ಆದರೆ ನಮ್ಮೂರಿಗೆ ಬಳೆ ಹೇಗೆ ಹಾಕ್ತಾರೆ? ಒಂದು ದಾರಿ ಕಾಡಿನ ರಸ್ತೆ, ಈಗಾಗಲೇ ಇರೋದು. ಎರಡನೇದಕ್ಕೆ ರಾಷ್ಟ್ರೀಯ ಉದ್ಯಾನದೊಳಗೆ ಹೊಸದಾಗಿ ಅಗೆಯೋಕೆ ಅನುಮತಿ ಸುಲಭಕ್ಕೆ ಸಿಗಲ್ಲ, ಸಿಗಲೂ ಬಾರದು. ಇನ್ನೊಂದು ಕಡೆ ಹಿನ್ನೀರು. ಉಳಿಯೋದು ಹೊಳೆ, ಬಾವಲಿ ಸೇತುವೆ.

ಇಲ್ಲಿ ನಿನ್ನ ಕೇರಳದ ಮಾತಿಗೆ ಬರ್ತೀನಿ. ಅವರು 2023ರ ಜೂನ್ 5ರಂದು ಕೆ-ಫೋನ್ ಅಂತ ತಮ್ಮದೇ ಫೈಬರ್ ಜಾಲ ಶುರು ಮಾಡಿದರು. ಅಗೆಯೋದು ಕಡಿಮೆ, ಬಹುಪಾಲು ವಿದ್ಯುತ್ ಕಂಬಗಳ ಮೇಲೇ ಎಳೆದದ್ದು. 20 ಲಕ್ಷ ಬಡ ಕುಟುಂಬಕ್ಕೆ ಪುಕ್ಕಟೆ ಕೊಡೋ ಗುರಿ. ಒಳ್ಳೇ ಕೆಲಸ, ನಾನು ಮನಸಾರೆ ಮೆಚ್ತೀನಿ. ಆದರೆ ಅದು ಕೇರಳದವರ ದುಡ್ಡು, ಕೇರಳದ ಮನೆಗಳಿಗೆ. ನಾನು ಹೋಗಿ ಕೈಯೊಡ್ಡೋಕೆ ಆಗಲ್ಲ, ಒಡ್ಡಬೇಕಾಗೂ ಇಲ್ಲ. ನನ್ನ ಪಹಣಿ ಕರ್ನಾಟಕದ 'ಭೂಮಿ' ದಾಖಲೆಯಲ್ಲಿದೆ, ನನ್ನ ರೇಷನ್ ಕಾರ್ಡ್ ಕರ್ನಾಟಕದ್ದು, ನನ್ನ ಓಟು ಕೋಟೆ ಕ್ಷೇತ್ರದ್ದು. ಕರ್ನಾಟಕದ ಸರ್ವರ್ ನೋಡೋಕೆ ಪಕ್ಕದ ರಾಜ್ಯದವರ ಬಾಗಿಲಿಗೆ ಹೋಗು ಅಂತ ನೀನು ಹೇಳಿದ್ದು ನನಗೆ ನೀನು ನಮ್ಮವಳಲ್ಲ ಅಂದ ಹಾಗೆ ಕೇಳಿಸ್ತು.

ನೀನು ಬೇಕಂತ ಹಾಗಂದಿಲ್ಲ, ಗೊತ್ತು. ಮತ್ತೆ ನಿನ್ನ ಮಾತಲ್ಲಿ ಒಂದು ಸರಿಯಾದ ವಿಷಯವೂ ಇದೆ. ನಮ್ಮ ಬಳೆ ಮುಚ್ಚಬೇಕಾದರೆ ಆ ಸೇತುವೆ ಮೇಲೇ ಮುಚ್ಚಬೇಕು. ಆ ಕಡೆ ಫೈಬರ್ ಇದೆ, ಈ ಕಡೆ ಫೈಬರ್ ಇದೆ, ನಡುವೆ ಒಂದು ಹೊಳೆ. ಎರಡು ಸರ್ಕಾರ ಕೂತು ಮಾತಾಡಿ, ಕಡಿದ ದಿನ ಮಾತ್ರ ನಮ್ಮ ಬೆಳಕು ಅವರ ದಾರೀಲಿ ಹೋಗಲಿ, ಅವರದು ಕಡಿದ ದಿನ ನಮ್ಮ ದಾರೀಲಿ ಬರಲಿ ಅಂತ ಬರೆದುಕೊಂಡರೆ ಸಾಕು. ಆದರೆ ದೇಶವನ್ನ ಟೆಲಿಕಾಂನವರು 22 ಸರ್ಕಲ್ ಅಂತ ಹಂಚಿದ್ದಾರೆ. ಕರ್ನಾಟಕ ಒಂದು, ಕೇರಳ ಇನ್ನೊಂದು. ಕೆಲಸದ ನಕ್ಷೆ ಗಡಿ ಬಂದ ಕೂಡಲೇ ನಿಂತುಬಿಡುತ್ತೆ. ಶುಂಠಿ ದಾಟುತ್ತೆ, ಸೊಸೆಯರು ದಾಟ್ತಾರೆ, ಆನೆ ದಾಟುತ್ತೆ, ಕೇಬಲಿಗೆ ಮಾತ್ರ ಆಗಲ್ಲ. ಇದನ್ನ ಗ್ರಾಮಸಭೇಲಿ ಎರಡು ಸಲ ಎದ್ದು ನಿಂತು ಹೇಳಿದ್ದೀನಿ, ಅರ್ಜೀಲೂ ಬರೆದು ಕೊಟ್ಟಿದ್ದೀನಿ. ಇನ್ನೂ ಬರೀತೀನಿ.

ಇವತ್ತು ದೀಪ ಮತ್ತೆ ಕೆಂಪು, ಮೂರನೇ ದಿನ. ಈ ಸಲ ಹುಡುಗರು ಬೇರೆ ಯೋಚನೆ ಮಾಡಿದ್ದಾರೆ. ರಾತ್ರಿ ಅಂತರಸಂತೇಲೇ ಉಳಿದು, ಬೆಳಿಗ್ಗೆ 6ಕ್ಕೆ ಗೇಟು ತೆಗೆದ ಕೂಡಲೇ ಒಳಗೆ ಬರ್ತಾರಂತೆ. ಅಮ್ಮ ಅವರಿಗೆ ಅಂತ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಡ್ತಾರೆ. ಇದನ್ನ ಹೊಳೆದಂಡೆಗೆ ಹೋಗಿ ಆ ಕಡೆ ಟವರಲ್ಲಿ ಕಳಿಸ್ತೀನಿ. ನೀನು ಬರೋದಾದ್ರೆ ರೆಸಾರ್ಟಿಗೆ ಬೇಡ, ಮನೆಗೆ ಬಾ. ಸಂಜೆ ನಾಲ್ಕರೊಳಗೆ ಅಂತರಸಂತೆ ದಾಟಿರು, ಕಾಡಲ್ಲಿ ಎಲ್ಲೂ ಗಾಡಿ ನಿಲ್ಲಿಸಬೇಡ.