ಎಫ್ ಒನ್ ಕೆಲಸದ ಆಸೆಯಿಂದ ಇಂಗ್ಲೆಂಡಿಗೆ ಬರುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೀರಿ. ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಮಾಡುವ ಸ್ಪರ್ಧೆ) ತಂಡದಲ್ಲಿ ಕಾರು ಕಟ್ಟಿದ್ದೀರಿ. ಇಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್‌ಸ್ಪೋರ್ಟ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಪರಿಸರದ ಒತ್ತಡದಲ್ಲಿ ಎಫ್ ಒನ್ (ಫಾರ್ಮುಲಾ ಒನ್ ಕಾರ್ ರೇಸ್) ಉಳಿಯುತ್ತಾ, ಸಾಲ ಮಾಡಿ ಬರಬಹುದಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ನಾನು ನಾರ್ತಾಂಪ್ಟನ್‌ಶೈರ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ರೇಸ್ ತಂಡಗಳಿಗೆ ಕಾರ್ಬನ್ ಫೈಬರ್ ಭಾಗ ಮಾಡಿಕೊಡುವ ಚಿಕ್ಕ ಕಂಪನಿಯಲ್ಲಿದ್ದೇನೆ.

ಎಫ್ ಒನ್ ಮುಚ್ಚುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅದರ ದುಡ್ಡು ಬರುವ ದಾರಿ ಬದಲಾಗುತ್ತಲೇ ಇರುತ್ತದೆ, ಮತ್ತು ಆ ನಿರ್ಧಾರ ನಿಮ್ಮ ಕೆಲಸದ ಜಾಗದಿಂದ ಸಾವಿರಾರು ಮೈಲಿ ದೂರದಲ್ಲಿ ಆಗುತ್ತದೆ. ಹೋಂಡಾವನ್ನೇ ನೋಡಿ. 2008ರ ಡಿಸೆಂಬರಿನಲ್ಲಿ, ಆರ್ಥಿಕ ಕುಸಿತದ ಹೊತ್ತಿಗೆ, ಇಲ್ಲೇ ಬ್ರ್ಯಾಕ್ಲಿ ಊರಿನಲ್ಲಿದ್ದ ತನ್ನ ತಂಡವನ್ನು ಬಿಟ್ಟು ಹೊರಟಿತು. 2015ರಲ್ಲಿ ಇಂಜಿನ್ ತಯಾರಕರಾಗಿ ವಾಪಸ್ ಬಂತು. 2020ರಲ್ಲಿ, ಇಂಗಾಲ ಕಡಿಮೆ ಮಾಡುವ ಕೆಲಸಕ್ಕೆ ಇಂಜಿನಿಯರುಗಳು ಬೇಕು ಅಂತ ಹೇಳಿ ಮತ್ತೆ ಬಿಡುವುದಾಗಿ ಘೋಷಿಸಿತು. 2023ರಲ್ಲಿ, 2026ರ ಹೊಸ ನಿಯಮ ತಮ್ಮ ಪರಿಸರ ಗುರಿಗೆ ಹೊಂದುತ್ತದೆ ಅಂತ ಮತ್ತೆ ಬರುವುದಾಗಿ ಹೇಳಿತು. ಹೋಗುವುದಕ್ಕೂ ಪರಿಸರ ಕಾರಣ, ಬರುವುದಕ್ಕೂ ಪರಿಸರ ಕಾರಣ! ರೆನೋ ಕಥೆ ಇನ್ನೂ ಬೇಸರದ್ದು. ಪ್ಯಾರಿಸ್ ಹತ್ತಿರದ ವಿರಿ-ಶಾಟಿಯೋನ್‌ನಲ್ಲಿ ಅವರ ಎಫ್ ಒನ್ ಇಂಜಿನ್ ಕೆಲಸ 1970ರ ದಶಕದಿಂದ ನಡೆದಿತ್ತು. 2026ರಿಂದ ಇಂಜಿನ್ ಮಾಡುವುದಿಲ್ಲ ಅಂತ 2024ರಲ್ಲಿ ತೀರ್ಮಾನಿಸಿದರು. ಖರ್ಚಿನ ಲೆಕ್ಕ ಅಷ್ಟೆ. ಅಲ್ಲಿನ ನೌಕರರು ಇಟಲಿಯ ಮೊನ್ಝಾ ರೇಸಿಗೆ ಹೋಗಿ ಪ್ರತಿಭಟಿಸಿದರೂ ತೀರ್ಮಾನ ಬದಲಾಗಲಿಲ್ಲ.

ನಮ್ಮವರ ಹೆಸರೂ ಇದರಲ್ಲಿದೆ. ವಿಜಯ್ ಮಲ್ಯ ಅವರ ಎಫ್ ಒನ್ ತಂಡ ಫೋರ್ಸ್ ಇಂಡಿಯಾ ಇಲ್ಲಿನ ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕಿನ ಎದುರಿಗೇ ಇತ್ತು. ಕಡಿಮೆ ದುಡ್ಡಿನಲ್ಲಿ ಎರಡು ವರ್ಷ ನಾಲ್ಕನೇ ಸ್ಥಾನ ಹಿಡಿದ ತಂಡ ಅದು. 2018ರ ಜುಲೈನಲ್ಲಿ ದಿವಾಳಿಯ ಅಂಚಿಗೆ ಬಂದು, ಸಾಲದಲ್ಲಿ ಮುಳುಗಿದ ಕಂಪನಿ ನೋಡಿಕೊಳ್ಳಲು ನೇಮಿಸುವ ಆಡಳಿತಗಾರರ ಕೈಗೆ ಹೋಯಿತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಅವರ ಗುಂಪು ಕೊಂಡಿದ್ದರಿಂದ 405 ಜನರ ಕೆಲಸ ಉಳಿಯಿತು. ಈಗ ಅದೇ ಆಸ್ಟನ್ ಮಾರ್ಟಿನ್ ತಂಡ. ಆ ಬೇಸಿಗೆಯಲ್ಲಿ ಈ ಸುತ್ತಮುತ್ತ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಅನ್ನುವುದು ನನಗೆ ಗೊತ್ತು. ನೀವು ವೀಸಾದ ಮೇಲೆ ಇದ್ದರೆ ಭಯ ಇನ್ನೂ ಜಾಸ್ತಿ. ವೀಸಾಕ್ಕೆ ಸ್ಪಾನ್ಸರ್ ಮಾಡಿದ ಕಂಪನಿಯ ಕೆಲಸ ಹೋದರೆ ಹಾಗೆ ಸ್ಪಾನ್ಸರ್ ಮಾಡುವ ಹೊಸ ಕಂಪನಿ ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಸಾಲದ ಕಂತು ಕಟ್ಟುತ್ತಿರುವವರಿಗೆ ಅದು ತೀರಾ ಕಡಿಮೆ.

ಇನ್ನು ಪರಿಸರ. 2030ಕ್ಕೆ ನೆಟ್ ಝೀರೋ (ಬಿಡುವ ಇಂಗಾಲ, ಹೀರಿ ತೆಗೆಯುವ ಇಂಗಾಲ ಸರಿಸಮ) ಮುಟ್ಟುತ್ತೇವೆ ಅಂತ ಎಫ್ ಒನ್ 2019ರಲ್ಲಿ ಮಾತು ಕೊಟ್ಟಿತು. ಆಗ 2018ರ ಲೆಕ್ಕ ಹೊರಗೆ ಬಂತು. ಒಟ್ಟು ಸುಮಾರು 2,56,000 ಟನ್ ಇಂಗಾಲ. ಅದರಲ್ಲಿ ಕಾರುಗಳ ಇಂಜಿನ್ ಪಾಲು 0.7 ಶೇಕಡಾ ಮಾತ್ರ! ಕಾರು, ಟೈರು, ಸಾಮಾನುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದರದ್ದೇ 45 ಶೇಕಡಾ. ಜನರ ಓಡಾಟ ಇನ್ನೊಂದು 28 ಶೇಕಡಾ ಹತ್ತಿರ. ರೇಸ್ ನೋಡಲು ಬರುವವರ ಪ್ರಯಾಣ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. 2024ರ ಕೊನೆಗೆ ಒಟ್ಟು ಇಂಗಾಲ 26 ಶೇಕಡಾ ಇಳಿದಿದೆ ಅಂತ ಅವರೇ ವರದಿ ಕೊಟ್ಟಿದ್ದಾರೆ. ಯುರೋಪಿನಲ್ಲಿ ಸಾಮಾನು ಸಾಗಿಸುವ ಲಾರಿಗಳು ಜೈವಿಕ ಇಂಧನದಲ್ಲಿ ಓಡುತ್ತಿವೆ. ಜಪಾನ್ ರೇಸನ್ನು ಏಪ್ರಿಲ್‌ಗೆ ತಂದಿದ್ದು, ಕೆನಡಾ ರೇಸನ್ನು ವೇಳಾಪಟ್ಟಿಯಲ್ಲಿ ಮಯಾಮಿ ರೇಸಿನ ಪಕ್ಕಕ್ಕೆ ತಂದಿದ್ದು, ಹತ್ತಿರದ ರೇಸುಗಳನ್ನು ಒಟ್ಟಿಗೆ ನಡೆಸಿ ಓಡಾಟ ಕಡಿಮೆ ಮಾಡುವುದಕ್ಕೆ. ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ 2024ರಲ್ಲೂ 2025ರಲ್ಲೂ 24 ರೇಸ್ ನಡೆದವು. ಒಂದೊಂದು ರೇಸಿಗೂ ಆತಿಥೇಯರು ಕೋಟಿಗಟ್ಟಲೆ ಕೊಡುತ್ತಾರೆ. ಆ ದುಡ್ಡು ಬಿಟ್ಟು ರೇಸ್ ಕಡಿಮೆ ಮಾಡಿದ ದಿನ ಅವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಪ್ರಾಯೋಜಕರ ವಿಷಯವೂ ನನ್ನನ್ನು ಕಾಡುತ್ತದೆ. ಮೊದಲು ಸಿಗರೇಟಿನ ದುಡ್ಡಿತ್ತು, 2005ರಲ್ಲಿ ಯುರೋಪ್ ಆ ಜಾಹೀರಾತನ್ನು ನಿಲ್ಲಿಸಿತು. ಈಗ ತೈಲದ ದುಡ್ಡು. ಸೌದಿಯ ತೈಲ ಕಂಪನಿ ಅರಾಮ್ಕೊ 2020ರಿಂದ ಎಫ್ ಒನ್‌ನ ದೊಡ್ಡ ಪ್ರಾಯೋಜಕ. ಪೆಟ್ರೋನಾಸ್, ಶೆಲ್‌ನಂಥ ತೈಲ ಕಂಪನಿಗಳ ಹೆಸರೂ ಕಾರುಗಳ ಮೇಲಿದೆ. 2026ರಿಂದ ಬಂದ ಪರಿಸರಸ್ನೇಹಿ ಹೊಸ ಇಂಧನವನ್ನು ಕಾರುಗಳಿಗೆ ಕೊಡುವವರಲ್ಲೂ ಇವರೇ ಇದ್ದಾರೆ. 2022ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ತೈಲ ನಿಲ್ಲಿಸಿ ಅನ್ನುವ ಹೋರಾಟದ ಗುಂಪು ಜಸ್ಟ್ ಸ್ಟಾಪ್ ಆಯಿಲ್‌ನವರು ರೇಸ್ ನಡುವೆ ಟ್ರ್ಯಾಕಿಗೆ ನುಗ್ಗಿ ಕೂತರು. ಅದು ತುಂಬಾ ಅಪಾಯದ ಕೆಲಸ, ಮಾಡಬಾರದಿತ್ತು. ಆದರೆ ತೈಲದ ಬಗ್ಗೆ ಅವರು ಎತ್ತಿದ ಪ್ರಶ್ನೆ ಸುಳ್ಳಲ್ಲ. ಅದೇ ವರ್ಷ ಕೆನಡಾದಲ್ಲಿ ಅಲ್ಲಿನ ತೈಲ ಮರಳಿನ ಗಣಿಗಾರಿಕೆ ವಿರುದ್ಧ ಟೀ ಶರ್ಟ್ ಹಾಕಿಕೊಂಡು ಬಂದ ಚಾಲಕ ಸೆಬಾಸ್ಟಿಯನ್ ವೆಟ್ಟೆಲ್ ಬಗ್ಗೆ ನನಗೆ ಗೌರವವಿದೆ. ಅವರ ಕಾರಿನ ಮೇಲೂ ಅರಾಮ್ಕೊ ಹೆಸರಿತ್ತು. ಆದರೂ ಬಾಯಿ ಮುಚ್ಚಿಕೊಳ್ಳಲಿಲ್ಲ, ಅಲ್ವಾ?

ಹಾಗಾದರೆ ಬರಬೇಕಾ? ಬನ್ನಿ. ಆದರೆ ತಂಡದ ಹೆಸರು ನೋಡಿ ಬರಬೇಡಿ, ಕಲಿಯುವ ಕೆಲಸ ನೋಡಿ ಬನ್ನಿ. 2026ರಿಂದ ಕಾರಿನ ವಿದ್ಯುತ್ ಮೋಟಾರಿನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಶಕ್ತಿಯ ಅರ್ಧದಷ್ಟು ವಿದ್ಯುತ್ತಿನಿಂದಲೇ ಬರುತ್ತದೆ. ಬ್ಯಾಟರಿ, ಕೂಲಿಂಗ್, ಪವರ್ ಎಲೆಕ್ಟ್ರಾನಿಕ್ಸ್, ಇಂಧನ ರಸಾಯನ, ಇವುಗಳನ್ನು ಕಲಿತವರಿಗೆ ರೇಸ್ ಬಿಟ್ಟು ಹೊರಗೂ ಕೆಲಸವಿದೆ. ವಿಲಿಯಮ್ಸ್ ಎಫ್ ಒನ್ ತಂಡದಿಂದ ಹುಟ್ಟಿದ ಇಂಜಿನಿಯರಿಂಗ್ ಕಂಪನಿ ಮೊದಲು ಫಾರ್ಮುಲಾ ಇ (ವಿದ್ಯುತ್ ಕಾರುಗಳ ರೇಸ್) ಕಾರಿಗೆ ಬ್ಯಾಟರಿ ಮಾಡಿತು. 2022ರಲ್ಲಿ ಆಸ್ಟ್ರೇಲಿಯಾದ ಗಣಿ ಕಂಪನಿ ಫೋರ್ಟೆಸ್ಕ್ಯೂ ಅದನ್ನು ಕೊಂಡಿತು. ಗಣಿಯ ದೈತ್ಯ ಡೀಸೆಲ್ ಲಾರಿಗಳನ್ನು ಬ್ಯಾಟರಿಗೆ ತಿರುಗಿಸುವ ಕೆಲಸಕ್ಕೆ ಅದು ಬೇಕಾಗಿತ್ತು. ನನ್ನ ಪ್ರಕಾರ ರೇಸಿನಿಂದ ಜಗತ್ತಿಗೆ ಆಗುವ ನಿಜವಾದ ಉಪಯೋಗ ಇಂಥದ್ದು.

ಸಂಬಳ ನೀವು ಅಂದುಕೊಂಡಷ್ಟು ಇರುವುದಿಲ್ಲ. 2021ರಿಂದ ತಂಡಗಳಿಗೆ ಖರ್ಚಿನ ಮಿತಿಯಿದೆ. ಚಾಲಕರು ಮತ್ತು ಅತಿ ಹೆಚ್ಚು ಸಂಬಳದ ಮೂವರು ಅದರಿಂದ ಹೊರಗೆ. ಕಾರಿನ ಮೇಲೆ ಕೆಲಸ ಮಾಡುವ ಇಂಜಿನಿಯರ್ ಸಂಬಳ ಆ ಮಿತಿಯೊಳಗೆ. ಜೊತೆಗೆ ಅರ್ಧ ಸಂಬಳಕ್ಕೂ ಖುಷಿಯಿಂದ ದುಡಿಯುವ ಅಭಿಮಾನಿಗಳು ಸಾಲುಗಟ್ಟಿ ನಿಂತಿರುತ್ತಾರೆ.

ಊರುಗಳು ಚಿಕ್ಕವು. ಬ್ರ್ಯಾಕ್ಲಿಯಲ್ಲಿ ರೈಲು ನಿಲ್ದಾಣವೇ ಇಲ್ಲ, ಬಸ್ಸು ಅಪರೂಪ. ಕಾರು ಬೇಕೇ ಬೇಕು. ಹತ್ತಿರದ ದೊಡ್ಡ ಊರು ಮಿಲ್ಟನ್ ಕೀನ್ಸ್‌ನಲ್ಲಿ ಮನೆ ಮಾಡಿದರೆ ಸಾಂಬಾರ್ ಪುಡಿ, ಸೋನಾಮಸೂರಿ ಎಲ್ಲ ಸಿಗುತ್ತದೆ, ನಮ್ಮ ಜನವೂ ಸಿಗುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು. ಅದೇ ಹೊತ್ತಿಗೆ ಹೊಸ ಕಾರಿನ ಕೆಲಸ ಮಿತಿ ಮೀರಿರುತ್ತದೆ. ಬೇಸಿಗೆಯಲ್ಲಿ ತಂಡಗಳ ಕಾರ್ಖಾನೆ ಎರಡು ವಾರ ಮುಚ್ಚಲೇಬೇಕು ಅಂತ ನಿಯಮವಿದೆ. ಹೆಚ್ಚಿನವರು ಊರಿಗೆ ಹೋಗುವುದು ಆಗಲೇ. ಟಿಕೆಟ್ ಬೇಗ ಮಾಡಿಸಿಡಿ.

ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಸೀಟು ಕೊಟ್ಟ ಕಾಲೇಜಿಗೆ ಬರೆದು, ಹಿಂದಿನ ಎರಡು ಬ್ಯಾಚಿನ ಭಾರತೀಯರಲ್ಲಿ ಎಷ್ಟು ಜನರಿಗೆ ವೀಸಾ ಸ್ಪಾನ್ಸರ್ ಮಾಡಿದ ಕೆಲಸ ಸಿಕ್ಕಿದೆ ಅಂತ ಕೇಳಿ. ಉತ್ತರ ಬಂದ ಮೇಲೆ ನನಗೆ ಬರೆಯಿರಿ. ಕೋರ್ಸಿನ ವಿಷಯಗಳ ಪಟ್ಟಿಯನ್ನೂ ಕಳಿಸಿ, ಯಾವುದು ತೆಗೆದುಕೊಳ್ಳಬಹುದು ಅಂತ ಕೂತು ನೋಡೋಣ.